ಮಂಗಳವಾರದ ವ್ಯಾನು

ಲ್ಯಾಂಗ್ಡನ್, ಉತ್ತರ ಡಕೋಟಾ
ನವೆಂಬರ್ ೨೩, ೨೦೨೫

ಪ್ರೀತಿಯ ಸೋಲ್ವೇಗ್,

ನಿನ್ನ ಕಾರ್ಡು ಕೈಸೇರಿತು. ನಾನು ಮಾಜಿ ಸೈನಿಕರ ವ್ಯಾನಿನಲ್ಲಿ ಆಗಾಗ ಆಸ್ಪತ್ರೆಗೆ ಹೋಗಿಬರುತ್ತಿರುವ ಸುದ್ದಿ ನೀನಿರುವ ಡುಲೂತ್‌ವರೆಗೂ ಬಂದಿದೆಯೆಂದು ಬರೆದಿದ್ದೀಯ. ಏನು ಕಾಯಿಲೆ ಎಂದು ಕೇಳಿದ್ದೀಯ. ಬೇರೆಯಾಗಿ ಇಷ್ಟು ವರ್ಷವಾದ ಮೇಲೂ ಕೇಳಬೇಕೆನಿಸಿತಲ್ಲ, ಸಂತೋಷ.

ಕಾಯಿಲೆ ಇಲ್ಲ. ನಾನು ಹೆಣ್ಣಿನ ಹಾರ್ಮೋನು ತೆಗೆದುಕೊಳ್ಳುತ್ತಿದ್ದೇನೆ. ಈ ಮಾತನ್ನು ಸುತ್ತಿ ಬಳಸಿ ಹೇಳಲು ಬೆಳಗಿನಿಂದ ನೋಡಿದೆ, ಆಗಲಿಲ್ಲ. ಕೋರ್ಟಿನ ಲೆಕ್ಕದಲ್ಲಿ ನನ್ನ ಹೆಸರು ಈಗ ಮಾರ್ಲಿಸ್ ಟ್ವೇಟ್. ನಾನು ರೋಲ್ಫ್ ಆಗಿದ್ದಾಗ ನೀನು ಅವನ ಹೆಂಡತಿಯಾಗಿ ಬಾಳಿದೆ. ಅವನೊಳಗೆ ಏನೋ ಸರಿಯಿಲ್ಲವೆಂದು ನನಗಿಂತ ಮೊದಲು ಬಾಯಿಬಿಟ್ಟು ಹೇಳಿದವಳೂ ನೀನೇ.

ಶುರುವಾದದ್ದು ಹೋದ ವರ್ಷ, ನಮ್ಮ ಕಡೆಯ ಸಣ್ಣ ಕ್ಲಿನಿಕ್ಕಿನಲ್ಲಿ. ಡಾಕ್ಟರ್ ಒಕೋರೊ ಎಂಬ ಹುಡುಗಿ ರಕ್ತದೊತ್ತಡ ನೋಡಿ ಮುಗಿಸಿ, "ಇನ್ನೇನಾದ್ರೂ ತೊಂದ್ರೆ ಇದೆಯಾ?" ಎಂದಳು. ಎಲ್ಲರನ್ನೂ ಕೇಳುವ ಪ್ರಶ್ನೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ನಾನು ಇದೆ ಎಂದೆ, ಎಲ್ಲ ಹೇಳಿಬಿಟ್ಟೆ. ಅವಳು, "ಯಾವಾಗಿನಿಂದ?" ಎಂದಳು. ಆರನೇ ವಯಸ್ಸಿನಿಂದ ಎಂದೆ. "ಹಾಗಾದ್ರೆ ಇನ್ನೂ ಕಾಯೋದು ಬೇಡ ಬಿಡಿ," ಎಂದು ಫಾರ್ಗೋದ ಮಾಜಿ ಸೈನಿಕರ ಆಸ್ಪತ್ರೆಯ ತಜ್ಞರಿಗೆ ಬರೆದುಕೊಟ್ಟಳು.

ಆದರೂ ಕಾಯಬೇಕಾಯಿತು. ಮನಶ್ಶಾಸ್ತ್ರಜ್ಞರ ಮುಂದೆ ಕೂತು ಮಾತಾಡಬೇಕು, ರಕ್ತ ಪರೀಕ್ಷೆಯಾಗಬೇಕು. ಸಿಗರೇಟು ಬಿಡದೆ ಮಾತ್ರೆ ಕೊಡುವುದಿಲ್ಲ, ರಕ್ತ ಹೆಪ್ಪುಗಟ್ಟೀತು ಎಂದರು. ಬಿಟ್ಟೆ. ಮಾತ್ರೆಗೆ ಮೊದಲು ಬಂದದ್ದು ಕೆಮ್ಮಿಲ್ಲದ ನಿದ್ದೆ.

ಈ ಓಡಾಟವೆಲ್ಲ ಮಂಗಳವಾರದ ವ್ಯಾನಿನಲ್ಲಿ. ಎಲ್ರಾಯ್ ಅದನ್ನು ಸಂಬಳವಿಲ್ಲದೆ ಓಡಿಸುತ್ತಾನೆ. ವಿಯೆಟ್ನಾಮಿನಲ್ಲಿದ್ದವನು, ಬಾಯಿ ಸುಮ್ಮನಿರುವುದಿಲ್ಲ. ಹತ್ತಿದವರೆಲ್ಲ ಯಾವ ಅಂಗ ಕೆಟ್ಟಿದೆಯೆಂದು ವರದಿ ಒಪ್ಪಿಸಬೇಕು. ಒಬ್ಬನಿಗೆ ಮಂಡಿ, ಒಬ್ಬನಿಗೆ ಸಕ್ಕರೆ. ನಾನು ಕಿವಿ ಎಂದೆ. ನನ್ನಂತೆ ಫಿರಂಗಿ ದಳದಲ್ಲಿದ್ದವರಿಗೆ ಅದು ಸಲೀಸಾದ ಸುಳ್ಳು. ಆಮೇಲೆ ಪ್ರತಿ ಸಲವೂ ಅವನು, "ಏನಯ್ಯ ಟ್ವೇಟ್, ಕಿವಿ ಬಂತಾ?" ಎಂದು ಕಿರುಚುವುದು, ನಾನು "ಆಂ?" ಎನ್ನುವುದು, ಎಲ್ಲರೂ ನಗುವುದು. ನಿನ್ನ ತಮ್ಮ ವೆಂಡೆಲ್ ಕೂಡ ಅದೇ ವ್ಯಾನಿನಲ್ಲಿ ಬರುತ್ತಾನೆ, ನೌಕಾಪಡೆಯವನಲ್ಲವೇ. ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಬೆಣ್ಣೆ ಸಕ್ಕರೆ ಸವರಿದ ಲೆಫ್ಸೆ ರೊಟ್ಟಿಯ ಸುರುಳಿ ತರುತ್ತಿದ್ದ, ಅರ್ಧ ನನಗೆ.

ಜನವರಿಯಲ್ಲಿ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನಾವೆಲ್ಲ ಒಟ್ಟಿಗೆ ಕೂತಿದ್ದೆವು. ನರ್ಸ್ ಬಾಗಿಲಿಗೆ ಬಂದು, "ಮಾರ್ಲಿಸ್ ಟ್ವೇಟ್!" ಎಂದು ಕೂಗಿದಳು. ನನಗೆ ಒಳ್ಳೆಯದಾಗಲೆಂದೇ ಹೊಸ ಹೆಸರು ಬರೆದುಕೊಂಡಿದ್ದಳು. ಎಲ್ರಾಯ್ ನಗುತ್ತಾ, "ನಿನ್ ತಂಗಿನಾ?" ಎಂದ. ಕೂತೇ ಇದ್ದುಬಿಡಬಹುದಿತ್ತು. ನರ್ಸ್ ಇನ್ನೊಮ್ಮೆ ಕೂಗಿದಳು. ಎದ್ದು ಹೋದೆ. ಟೋಪಿ ಕುರ್ಚಿಯ ಮೇಲೇ ಉಳಿಯಿತು.

ವಾಪಸು ಬರುವಾಗ ವೆಂಡೆಲ್ ನನ್ನ ಟೋಪಿಯನ್ನು ಸೀಟಿನ ಮೇಲಿಟ್ಟು ತಾನು ಕೊನೆಯ ಸಾಲಿಗೆ ಹೋಗಿ ಕೂತ. ಮೂರು ಗಂಟೆಯ ದಾರಿಯುದ್ದಕ್ಕೂ ಎಲ್ರಾಯ್ ರೇಡಿಯೋ ಹಾಕಿದ್ದ. ಇಳಿಯುವಾಗ ಎಲ್ರಾಯ್‌ಗೆ, ಇನ್ನು ನಾನು ಬರುವುದಿಲ್ಲ ಎಂದೆ. ಅವನು ಕನ್ನಡಿಯಲ್ಲೇ ನೋಡುತ್ತಾ, "ನಂಗೆ ಇದೊಂದೂ ಅರ್ಥ ಆಗಲ್ಲ. ಅರ್ಥ ಆಗೋರನ್ನ ಮಾತ್ರ ಹತ್ತಿಸ್ಕೊಂಡ್ರೆ ವ್ಯಾನು ಖಾಲಿ ಓಡುತ್ತೆ," ಎಂದ.

ಮಾತ್ರೆ ಬರೆದುಕೊಡುವ ದಿನ ಮಾರ್ಚ್ ಮೊದಲ ವಾರಕ್ಕೆ ನಿಗದಿಯಾಯಿತು. ಹೊಸಬರಿಗೆ ಇನ್ನು ಈ ಚಿಕಿತ್ಸೆ ಶುರುಮಾಡುವುದಿಲ್ಲವೆಂದು ಸರ್ಕಾರದಿಂದ ಆದೇಶ ಬರಲಿದೆ ಎಂಬ ಗುಲ್ಲು ಆಗಲೇ ಹಬ್ಬಿತ್ತು. ಅದೇ ದಿನ ಹಿಮಗಾಳಿ ಎದ್ದು ವ್ಯಾನು ರದ್ದಾಯಿತು. ನನ್ನ ಕಾರು ರಿಪೇರಿಗೆ ಹೋಗಿತ್ತು. ಎಲ್ರಾಯ್‌ಗೆ ಫೋನು ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತಿಗೆ ಅವನ ಸ್ವಂತ ಪಿಕಪ್ಪು ಮನೆ ಮುಂದೆ ಹಾರ್ನ್ ಹಾಕಿತು. "ಹತ್ತಯ್ಯ," ಎಂದ. ನಾಲಿಗೆ ಕಚ್ಚಿಕೊಂಡು, "ಹತ್ತಮ್ಮ," ಎಂದ. ಅದೂ ಸರಿ ಕಾಣಲಿಲ್ಲವೇನೋ, "ಏನೋ ಒಂದು, ಬೇಗ ಬಾಗಿಲು ಹಾಕು, ಚಳಿ ನುಗ್ತಿದೆ!" ಎಂದು ರೇಗಿದ. ದಾರಿಯೇ ಕಾಣದೆ ಎರಡು ಕಡೆ ಗಾಡಿ ನಿಲ್ಲಿಸಿ ಕೂತೆವು. ಅವನು ತನ್ನ ತೀರಿಹೋದ ಹೆಂಡತಿಯ ಬಗ್ಗೆ ಮಾತಾಡಿದ, ನಾನು ನಿನ್ನ ಬಗ್ಗೆ. ಡಾಕ್ಟರು ಇನ್ನೇನು ಕೋಟು ಹಾಕಿಕೊಂಡು ಹೊರಡುವುದರಲ್ಲಿದ್ದರು. ಕೋಟು ತೆಗೆಯದೆಯೇ ಬರೆದುಕೊಟ್ಟರು.

ಆ ತಿಂಗಳಲ್ಲೇ ಆದೇಶ ಬಂತು. ಆಗಲೇ ತೆಗೆದುಕೊಳ್ಳುತ್ತಿದ್ದವರಿಗೆ ಮುಂದುವರಿಯಲಿ, ಹೊಸಬರಿಗೆ ಇಲ್ಲ. ವಾಯುಪಡೆಯಲ್ಲಿದ್ದ ಕರೀಸ್ ಎಂಬ ಹುಡುಗಿಯೊಬ್ಬಳು ಕಾಯುವ ಕೋಣೆಯಲ್ಲಿ ಪರಿಚಯವಾಗಿದ್ದಳು. ಅವಳ ಸರದಿ ಏಪ್ರಿಲ್‌ನಲ್ಲಿತ್ತು. ಈಗ ಎಲ್ಲಿದ್ದಾಳೋ ತಿಳಿಯದು. ನನ್ನ ಅದೃಷ್ಟಕ್ಕೆ ಕಾರಣ ಹುಡುಕಿ ನೋಡಿದರೆ ಒಂದು ಪಿಕಪ್ಪು ಗಾಡಿ ಬಿಟ್ಟು ಬೇರೇನೂ ಕಾಣುವುದಿಲ್ಲ.

ಈಗ ಹೇಗಿದ್ದೀಯ ಎಂದು ನೀನು ಕೇಳುವುದಾದರೆ, ಅರವತ್ತೇಳರಲ್ಲಿ ಯಾರೂ ಚೆಲುವೆಯಾಗುವುದಿಲ್ಲ. ಚರ್ಮ ಮೆದುವಾಗಿದೆ, ಮಂಡಿ ಹಾಗೇ ನೋಯುತ್ತದೆ. ಅಂಗಡಿಯಲ್ಲಿ ಕೆಲವರು ಮಾತಾಡಿಸುತ್ತಾರೆ, ಕೆಲವರು ಟೊಮೇಟೊ ಆರಿಸುವುದರಲ್ಲಿ ಮುಳುಗುತ್ತಾರೆ. ಬೆಳಗ್ಗೆ ಕನ್ನಡಿ ನೋಡಲು ಈಗ ಧೈರ್ಯ ಬೇಕಾಗುವುದಿಲ್ಲ. ಇಷ್ಟೇ. ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ ಕ್ಷೇಮ ಬಯಸುವ,
ಮಾರ್ಲಿಸ್

ಮರೆತದ್ದು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಕೂತಿದ್ದೆ. ಹೋದ ಮಂಗಳವಾರ ವೆಂಡೆಲ್ ಕೊನೆಯ ಸಾಲಿನಿಂದ ಎದ್ದು ಬಂದು ಮತ್ತೆ ನನ್ನ ಪಕ್ಕ ಕೂತ. ಜನವರಿಯಿಂದ ಮಾತಿಲ್ಲದವನು, "ಒಳಗೆ ನನ್ ಜೊತೆ ಬರ್ತೀಯಾ? ಡಾಕ್ಟರು ಹೇಳಿದ್ದು ನನ್ ತಲೇಲಿ ನಿಲ್ತಿಲ್ಲ," ಎಂದ. ಹೋದೆ. ಅವನ ಶ್ವಾಸಕೋಶದಲ್ಲಿ ಗಡ್ಡೆ ಇದೆ, ಹರಡಿದೆ. ಅಕ್ಕನಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಒಳಗಿನದನ್ನು ಒಬ್ಬರೇ ಹೊತ್ತು ತಿರುಗುವುದು ಎಂಥ ಸುಸ್ತು ಎಂದು ನಾನು ಬಲ್ಲೆ, ಅದಕ್ಕೇ ಮಾತು ಮುರಿಯುತ್ತಿದ್ದೇನೆ. ಅವನಿಗೆ ಫೋನು ಮಾಡಬೇಡ, ಎತ್ತುವುದಿಲ್ಲ. ಹೊರಟು ಬಾ. ಅವನ ಮನೆಯಲ್ಲಿ ಜಾಗ ಸಾಲದಿದ್ದರೆ ಇಲ್ಲಿ ಒಂದು ಕೋಣೆ ಖಾಲಿ ಇದೆ.