ಟೋಪಿಯ ಮೇಲೆ ಬಿದ್ದ ನೀರು

ಕಿಲ್‌ಬ್ರೀನ್, ಮೇಯೊ
೧೪ ನವೆಂಬರ್ ೨೦೧೮

ಪ್ರೀತಿಯ ತಂಗಿ ಡೀಲಿಯಾ,

ಹೇಗಿದ್ದೀಯೆ? ಮಂಡಿಯ ಆಪರೇಷನ್ ಆದ ಮೇಲೆ ಜೆರಾಲ್ಡ್ ಮೆಟ್ಟಿಲು ಹತ್ತುತ್ತಾನೆಯೇ, ಇಲ್ಲ ಇನ್ನೂ ನಿನ್ನ ಹೆಗಲನ್ನೇ ಊರುಗೋಲು ಮಾಡಿಕೊಂಡಿದ್ದಾನೆಯೇ? ಉನಾಳ ತಲೆನೋವು ಕಡಿಮೆಯಾಯಿತೇ? ನಿನ್ನ ಕಾಗದ ಸೆಪ್ಟೆಂಬರಿನಿಂದಲೂ ಗಡಿಯಾರದ ಹಿಂದೆ ಕೂತಿದೆ. ತಡವಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದುಹಾಕುತ್ತಿದ್ದೆ. ಕಾರ್ಮಾಕ್ ಅದನ್ನು ವಯಸ್ಸು ಎನ್ನುತ್ತಾನೆ. ಹೆತ್ತ ಮಗನಿಗೇನು ಗೊತ್ತು, ಅದು ಭಯ.

ನಮ್ಮ ಚರ್ಚಿನಲ್ಲಿ ಈಗ ವಾರ ಬಿಟ್ಟು ವಾರ ಪೂಜೆ. ನಾಲ್ಕು ಊರಿಗೆ ಫಾದರ್ ಲೋಫ್ಟಸ್ ಒಬ್ಬರೇ, ಅವರಿಗೂ ನನ್ನಷ್ಟೇ ವಯಸ್ಸು. ನಾವೆಲ್ಲ ಒತ್ತಿಕೊಂಡು ಕೂರುತ್ತಿದ್ದ ಬೆಂಚಿನಲ್ಲಿ ನಾನೊಬ್ಬಳೇ. ಕೆಮ್ಮಿದರೆ ನನ್ನ ಕೆಮ್ಮೇ ಗೋಡೆಗೆ ಬಡಿದು ಹಿಂದಕ್ಕೆ ಬರುತ್ತದೆ.

ಕಾರ್ಮಾಕ್‌ನ ಮಗಳು ಕ್ಲೋಡಾಗೆ ಐದು ತಿಂಗಳು. ಅವನೂ ಸೊಸೆ ಶೌನಾಳೂ ಕೆಲಸಕ್ಕೆ ಹೋದಾಗ ಮಗು ನನ್ನ ಹತ್ತಿರವೇ ಇರುತ್ತಿತ್ತು. ಅದಕ್ಕೆ ಇನ್ನೂ ಜ್ಞಾನಸ್ನಾನ ಆಗಿಲ್ಲ. ಮೊದಲಾದರೆ ನಂಬದವರೂ ಸ್ಕೂಲಿಗೆ ಸೇರಿಸಲೆಂದಾದರೂ ಮಾಡಿಸುತ್ತಿದ್ದರು, ಈಗ ಅದೂ ಬೇಕಿಲ್ಲವಂತೆ.

"ದೊಡ್ಡವಳಾದ್ಮೇಲೆ ಅವಳೇ ಬೇಕೋ ಬೇಡ್ವೋ ಅಂತ ಹೇಳ್ತಾಳೆ ಬಿಡಮ್ಮಾ" ಎಂದ ಕಾರ್ಮಾಕ್.

"ಲಸಿಕೆ ಚುಚ್ಚಿಸುವಾಗ ಅವಳನ್ನ ಕೇಳಿದ್ಯೇನೋ?" ಎಂದೆ.

ಅವನು ನಕ್ಕ. ಶೌನಾ ನಗಲಿಲ್ಲ. ಮದುವೆಗೆ ಮೊದಲೇ ಬಸುರಾದಳೆಂದು ಅವಳ ಅಜ್ಜಿಯನ್ನು ಕನ್ಯಾಸ್ತ್ರೀಯರ ಲಾಂಡ್ರಿಯಲ್ಲಿ ಕೂಲಿಯಿಲ್ಲದ ದುಡಿಮೆಗೆ ಹಾಕಿದ್ದರಂತೆ. "ನಮ್ಮಜ್ಜಿ ಅವರ ಬಟ್ಟೆ ಒಗೆದಿದ್ದೇ ಸಾಕು ನೋನಿ. ನನ್ನ ಮಗಳ ಹಣೆ ಅವರಿಗೆ ಸಿಗಲ್ಲ" ಎಂದಳು.

ಕಳೆದ ತಿಂಗಳು ಒಂದು ಮಧ್ಯಾಹ್ನ ಜ್ವರದಲ್ಲಿದ್ದ ಮಗುವಿನ ಉಸಿರು ಗರಗಸದಂತೆ ಕೊರೆಯತೊಡಗಿತು. ನೋಡನೋಡುತ್ತ ತುಟಿ ನೀಲಿಯಾಯಿತು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಹೊರಟಿದ್ದೇವೆ ಎಂದರು. ಅವರು ಎಷ್ಟು ದೂರದಿಂದ ಬರಬೇಕೆಂದು ನಿನಗೆ ಗೊತ್ತಲ್ಲ. ಸಾವು ಹತ್ತಿರ ಬಂದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ನಲ್ಲಿಯ ನೀರಾದರೂ ಸಾಕು ಎಂದು ಸ್ಕೂಲಿನಲ್ಲಿ ಕಲಿಸಿದ್ದರಲ್ಲ. ಮಗುವನ್ನು ಸಿಂಕಿನ ಹತ್ತಿರ ಎತ್ತಿಕೊಂಡು ಹೋದೆ. ಟೀ ಕಪ್ಪಿನಲ್ಲಿ ನೀರು ಹಿಡಿದು, "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದು ಸುರಿದೆ. ಮಾತು ಒಂದೂ ತಪ್ಪಲಿಲ್ಲ ಡೀಲಿಯಾ. ಮುಗಿದ ಮೇಲೆ ನೋಡುತ್ತೇನೆ, ಮಗುವಿನ ತಲೆಯ ಮೇಲೆ ನಾನೇ ಹೆಣೆದ ಉಣ್ಣೆಯ ಟೋಪಿ ಹಾಗೇ ಇದೆ. ನೀರನ್ನೆಲ್ಲ ಟೋಪಿಯೇ ಕುಡಿದಿತ್ತು.

ನೀರು ಚರ್ಮಕ್ಕೆ ತಾಗಬೇಕು. ತಾಗಿತೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನೊಮ್ಮೆ ಸುರಿಯೋಣವೆಂದರೆ, ಒಮ್ಮೆ ಆಗಿದ್ದರೆ ಎರಡನೆಯದು ಪಾಪ. ಕಪ್ಪು ಹಿಡಿದುಕೊಂಡು ನಿಂತೇ ಇದ್ದೆ, ಅಷ್ಟರಲ್ಲಿ ಆಂಬುಲೆನ್ಸ್ ಅಂಗಳಕ್ಕೆ ಬಂತು.

ಹೆದರಬೇಡ, ಮಗು ಉಳಿಯಿತು. ಎರಡು ದಿನಕ್ಕೇ ಮನೆಗೆ ಬಂತು, ಈಗ ಕೇಕೆ ಹಾಕುತ್ತದೆ. ಆದರೆ ಆಸ್ಪತ್ರೆಯಲ್ಲಿ ಶೌನಾ ಟೋಪಿ ತೆಗೆದಾಗಲೇ ಕೇಳಿದಳು, "ನೋನಿ, ಜ್ವರದ ಮಗು ತಲೆ ಮೇಲೆ ಒದ್ದೆ ಟೋಪಿ ಯಾಕೆ?"

ನನಗೆ ಸುಳ್ಳು ಬರುವುದಿಲ್ಲ. ಹೇಳಿಬಿಟ್ಟೆ.

ಅವಳು ಕೂಗಾಡಿದ್ದರೆ ವಾಸಿಯಿತ್ತು. "ಮಗು ಉಸಿರು ಕಟ್ಟಿ ಒದ್ದಾಡ್ತಿತ್ತು, ನೀವು ಆ ಚರ್ಚಿನವರ ಕೆಲಸ ಮಾಡ್ತಾ ಕೂತಿದ್ರಿ" ಎಂದಳು, ಅಷ್ಟೇ. ಅದರ ಮುಂದಿನ ಸೋಮವಾರದಿಂದ ಕ್ಲೋಡಾ ಪೇಟೆಯ ಶಿಶುವಿಹಾರಕ್ಕೆ ಹೋಗುತ್ತಾಳೆ. "ಕ್ರಿಸ್ಮಸ್ ಕಳೀಲಮ್ಮಾ, ನೋಡೋಣ" ಎನ್ನುತ್ತಾನೆ ಕಾರ್ಮಾಕ್, ನನ್ನ ಮುಖ ನೋಡದೆ. ಮಗು ಕೈತಪ್ಪಿತೇ ಎಂಬ ಭಯ ಹಗಲೆಲ್ಲ. ಮತ್ತೆ ಉಸಿರು ಕಟ್ಟಿದರೆ ಅದು ಯಾವ ಲೆಕ್ಕಕ್ಕೂ ಸೇರದೆ ಹೋಗುತ್ತದಲ್ಲ ಎಂಬ ಭಯ ಅದಕ್ಕಿಂತ ದೊಡ್ಡದು.

ತಡೆಯಲಾರದೆ ಫಾದರ್ ಲೋಫ್ಟಸ್‌ರನ್ನು ಅಂಗಡಿಯ ಮುಂದೆ, ಅವರು ಕಾರಿಗೆ ಆಲೂಗೆಡ್ಡೆ ಚೀಲ ಎತ್ತಿಡುತ್ತಿದ್ದಾಗ ಹಿಡಿದೆ. ಟೋಪಿಯ ಕಥೆ ಕೇಳಿ ಅವರಿಗೆ ನಗು ಬಂತು.

"ಇದಕ್ಕಾ ನಿದ್ದೆಗೆಟ್ಟಿದ್ದು? ಮಗು ದೇವರ ಕೈಯಲ್ಲೇ ಇದೆ, ಹೋಗಿ ಊಟ ಮಾಡು."

"ಹಾಗಾದ್ರೆ ಲಿಂಬೊ, ಫಾದರ್? ಸ್ನಾನ ಆಗದ ಕೂಸುಗಳು ಸ್ವರ್ಗಕ್ಕೂ ನರಕಕ್ಕೂ ಸಲ್ಲದೆ ಅಲ್ಲಿರ್ತಾವೆ ಅಂತ ನೀವೇ ಹೇಳ್ತಿದ್ರಲ್ಲ."

"ಅದನ್ನೀಗ ಯಾರೂ ಹೇಳಲ್ಲ ನೋನಿ. ನಂಬಲೇಬೇಕು ಅಂತ ಯಾವತ್ತೂ ಇರಲಿಲ್ಲ" ಎಂದು ಡಿಕ್ಕಿ ಮುಚ್ಚಿದರು.

ಎದೆ ಹಗುರಾಗಬೇಕಿತ್ತು. ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಕತ್ತಲಾಗುವವರೆಗೆ ಕೂತಿದ್ದೆ.

ನಿನಗೂ ಜೆರಾಲ್ಡ್‌ಗೂ ದೇವಮಾತೆ ಆರೋಗ್ಯ ಕೊಡಲಿ. ಉನಾಳಿಗೆ ನನ್ನ ಮುತ್ತು. ಚಳಿಗೆ ಬರಿಗಾಲಲ್ಲಿ ಓಡಾಡಬೇಡ.

ನಿನ್ನ ಅಕ್ಕ,
ನೋನಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನನ್ನ ಚೊಚ್ಚಲು ಗಂಡುಮಗು ಉಸಿರಿಲ್ಲದೆ ಹುಟ್ಟಿತಲ್ಲ. ಸ್ನಾನವಾಗದ್ದೆಂದು ಸ್ಮಶಾನದೊಳಗೆ ಬಿಡಲಿಲ್ಲ. ಅದರ ಅಪ್ಪ, ನಮ್ಮ ಫೆಸ್ಟಿ, ಬೆಳಕು ಹರಿಯುವ ಮುಂಚೆ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕಡಲಂಚಿಗೆ, ಅಂಥ ಕೂಸುಗಳ ಕಲ್ಲುಹೊಲಕ್ಕೆ ಹೋದ. ಎಲ್ಲಿಟ್ಟೆ ಎಂದು ನಾನು ಕೇಳಲಿಲ್ಲ. ಅವನು ಸಾಯುವವರೆಗೂ ಹೇಳಲಿಲ್ಲ. ಅದು ಲಿಂಬೊದಲ್ಲಿದೆ, ಅಳುವುದಿಲ್ಲ, ನೋವಿಲ್ಲ ಎಂದುಕೊಂಡೇ ಇಷ್ಟು ಕಾಲ ಬದುಕಿದೆ. ಫಾದರ್ ಹೇಳಿದ್ದು ಸುಳ್ಳೇನೋ ಎಂಬ ಭಯ ನನಗಿಲ್ಲ. ನಿಜವಾಗಿದ್ದರೆ ಎಂಬುದೇ ಭಯ. ಹಾಗಾದರೆ ನನ್ನ ಕೂಸನ್ನು ಹೊರಗೆ ಹಾಕಿದ್ದು ಯಾತಕ್ಕೆ?

ಆ ಬೆಳಗ್ಗೆ ನೀನು ಸಲಿಕೆ ಹಿಡಿದು ಫೆಸ್ಟಿಯ ಹಿಂದೆ ನಡೆದದ್ದನ್ನು ಹಾಸಿಗೆಯಿಂದ ನೋಡಿದ್ದೇನೆ. ಅಲ್ಲಿ ಕಲ್ಲುಗಳೆಲ್ಲ ಒಂದೇ ಥರ. ಯಾವ ಕಲ್ಲು ಡೀಲಿಯಾ? ಫೋನ್ ಮಾಡಬೇಡ, ಕೇಳಿಸಿಕೊಳ್ಳಲು ನನ್ನಿಂದಾಗದು. ನೆನಪಿಲ್ಲದಿದ್ದರೆ ನೆನಪಿಲ್ಲ ಎಂದೇ ಬರೆ, ಆದರೆ ಬೇಗ ಬರೆ.