ಮರವಂತೆಯಲ್ಲಿ ನನಗೆ ಕೇಳಿಸಿದ್ದು

ಧಾರವಾಡ
ಮಂಗಳವಾರ, ೭ ಜನವರಿ ೨೦೨೫

ಪ್ರೀತಿಯ ಬಸವಪ್ರಭು ಅವರಿಗೆ,

ನಿರುಪಮಾಳ ನಮಸ್ಕಾರ. ಬೆಳಿಗ್ಗೆ ತಾನೇ ನಿಮ್ಮ ಡಬ್ಬಿ ಕಟ್ಟಿ ಕೈಗೆ ಕೊಟ್ಟು, ಬೈರಿದೇವರಕೊಪ್ಪದಲ್ಲಿ ಚಿಗರಿ ಬಸ್ಸು ಹತ್ತಿ ಬಂದವಳು ಈಗ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತು ನಿಮಗೆ ಕಾಗದ ಬರೆಯುತ್ತಿದ್ದೇನೆ. ಒಂದೇ ಮನೆಯಲ್ಲಿರುವ ಗಂಡನಿಗೆ ಅಂಚೆಯಲ್ಲಿ ಕಾಗದವೇ ಎಂದು ನಿಮಗೆ ವಿಚಿತ್ರ ಅನಿಸಬಹುದು. ಮನೆಯ ವಿಳಾಸ ಬರೆದಿಲ್ಲ, ನಿಮ್ಮ ಪಾಲಿಟೆಕ್ನಿಕ್‌ಗೇ ಕಳಿಸುತ್ತಿದ್ದೇನೆ. ವರ್ಕ್‌ಶಾಪ್ ಖಾಲಿಯಾದ ಮೇಲೆ ಒಬ್ಬರೇ ಓದಿ. ಇದು ಗುರುವಾರದೊಳಗೆ ನಿಮಗೆ ಸಿಗಬೇಕು. ಶುಕ್ರವಾರ ನೀವು ಬೀದರಿಗೆ ಹೋಗಲು ಒಪ್ಪಿಗೆ ಬರೆದು ಕೊಡುತ್ತೀರಿ.

ಶನಿವಾರ ಊಟಕ್ಕೆ ಕುಳಿತಾಗ ನೀವು ಆ ಮಾತು ತೆಗೆದಿರಿ. "ಬೀದರಕ ಎರಡ ವರ್ಷ ಹಾಕ್ತಾರಂತ. ಹೂಂ ಅಂದ್ಬಿಡ್ಲಿ? ನಿನಗೂ ಒಂದೀಟು ಸಮಾಧಾನ ಆಗ್ತೈತಿ" ಅಂದಿರಿ. ನಾನು ಸಾರು ಬಡಿಸುತ್ತಿದ್ದೆ. "ನೋಡ್ರಿ, ನಿಮ್ಮ ನೌಕರಿ ವಿಚಾರ" ಎಂದು ಹೇಳಿ ಸೌಟು ಪಾತ್ರೆಯಲ್ಲಿಟ್ಟೆ. ನೀವು ತಲೆ ಬಗ್ಗಿಸಿ ಊಟ ಮುಗಿಸಿದಿರಿ. ಹದಿನೈದು ವರ್ಷದ ಸಂಸಾರದಲ್ಲಿ ನೀವು ಬೇರೆ ಊರಿಗೆ ಹೋಗುತ್ತೇನೆ ಎಂದದ್ದು ಇದೇ ಮೊದಲು. ನನಗೆ ಸಿಟ್ಟು ಬರಬೇಕಿತ್ತು, ಇಲ್ಲ ಅಳುವಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಪಾತ್ರೆ ತೊಳೆದೆ.

ನನ್ನ ಅವ್ವ ಹೋದ ಮೇಲೆ ನಾನು ಹೀಗೇ ಇದ್ದೇನೆ, ನಿಮಗೆ ಗೊತ್ತು. ಪಾರ್ಶ್ವವಾಯು ಬಡಿದ ಅವ್ವನನ್ನು ನಾವು ಮನೆಗೆ ಕರೆತಂದು ಆರು ವರ್ಷ ನೋಡಿಕೊಂಡೆವು. ನಾವು ಎಂದರೆ ನೀವು ಎಂದೇ ಹೇಳಬೇಕು. ನಾನು ಧಾರವಾಡಕ್ಕೆ ಹೋಗಿಬರುವವಳು. ಅವಳ ಉಗುರು ಕತ್ತರಿಸಿದವರು, ಗುಳಿಗೆ ನುಂಗಿಸಿದವರು, ಸಂಜೆ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಓಣಿಯ ತುದಿಯವರೆಗೆ ಸುತ್ತಿಸಿದವರು ನೀವು. "ಹೊಟ್ಟ್ಯಾಗ ಹುಟ್ಟಿದ ಮಗ ಇದ್ದಿದ್ರೂ ಹಿಂಗ ಮಾಡ್ತಿದ್ದಿಲ್ಲ" ಎಂದು ಅವಳು ತೊದಲುತ್ತಲೇ ಓಣಿಯವರಿಗೆಲ್ಲ ಹೇಳುತ್ತಿದ್ದಳು. ಕಳೆದ ಏಪ್ರಿಲ್‌ನಲ್ಲಿ ನಾನು ಪಿಯುಸಿ ಪೇಪರು ತಿದ್ದಲು ದಾವಣಗೆರೆಗೆ ಹೋಗಿದ್ದಾಗ ಅವಳಿಗೆ ಎರಡನೆಯ ಸಲ ಹೊಡೆಯಿತು. ನೀವೊಬ್ಬರೇ ಆಸ್ಪತ್ರೆಗೆ ಸೇರಿಸಿದಿರಿ. ಮರುದಿನ ನಾನು ಹೊರಟ ಬಸ್ಸು ಹಾವೇರಿ ದಾಟಿ ಕೆಟ್ಟು ನಿಂತಿತು. ನಾನು ಬಂದು ಮುಟ್ಟಿದಾಗ ಸಂಜೆ ಆರು. ನೀವು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದಿರಿ. "ಈಗ ಒಂದ ತಾಸಾತು. ತಾವ ಹೋದ್ರು, ತ್ರಾಸ ಪಡ್ಲಿಲ್ಲ" ಅಂದಿರಿ.

ಆಮೇಲೆ ಎಂಟು ತಿಂಗಳು ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಡಿಸೆಂಬರ್‌ನಲ್ಲಿ ನೀವೇ ಬುಲೆಟ್ ಹೊರಗೆ ತೆಗೆದಿರಿ. ಮದುವೆಯಾದ ಹೊಸದರಲ್ಲಿ ಸಮುದ್ರದ ದಂಡೆಗುಂಟ ಹೋಗೋಣ ಎಂದು ಹೇಳಿದ್ದು ಮೊದಲು ನೌಕರಿಯಲ್ಲಿ, ಆಮೇಲೆ ಅವ್ವನ ಕಾಯಿಲೆಯಲ್ಲಿ ಹಾಗೆಯೇ ಉಳಿದಿತ್ತು. ಕಾರವಾರದಿಂದ ಬೇಕಲದ ಕೋಟೆಯವರೆಗೆ, ಹೋಗಿಬರಲು ಸಾವಿರ ಕಿಲೋಮೀಟರ್, ಏಳು ದಿನ. ನಿಮ್ಮ ಜೊತೆ ಕೆಲಸ ಮಾಡುವ ಪ್ರಸಾದ ಹೆಲ್ಮೆಟ್ಟಿಗೆ ಸಿಕ್ಕಿಸುವ ಮಾತಿನ ಸೆಟ್ಟು ಎರಡು ಕೊಟ್ಟರು. ಬೈಕು ಓಡುವಾಗಲೂ ಮುಂದಿನವರದು ಹಿಂದಿನವರಿಗೆ, ಹಿಂದಿನವರದು ಮುಂದಿನವರಿಗೆ ಕಿವಿಯಲ್ಲೇ ಕೇಳಿಸುತ್ತದೆ. ನಾನು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆ. ಬೇಡ ಎನ್ನಲೂ ನನಗೆ ಮನಸ್ಸಿರಲಿಲ್ಲ, ಅದಕ್ಕೇ ಬಂದೆ.

ನೀವು ಎಷ್ಟು ತಯಾರಿ ಮಾಡಿದ್ದಿರಿ! ಎಲ್ಲಿ ಚಹಾ, ಎಲ್ಲಿ ಊಟ, ಯಾವ ಲಾಜಿನ ಯಾವ ಕೋಣೆಯ ಕಿಟಕಿಗೆ ಸಮುದ್ರ ಕಾಣುತ್ತದೆ ಎಂಬುದನ್ನೆಲ್ಲ ಚೀಟಿಯಲ್ಲಿ ಬರೆದು ಟ್ಯಾಂಕಿನ ಮೇಲೆ ಅಂಟಿಸಿದ್ದಿರಿ. ಅರಬೈಲ್ ಘಟ್ಟ ಇಳಿಯುವಾಗ ಪ್ರತಿ ತಿರುವಿಗೂ "ಅಲ್ನೋಡ, ಅಲ್ನೋಡ" ಎನ್ನುತ್ತಿದ್ದಿರಿ. ನಾನು ನೋಡುತ್ತಿದ್ದೆ. ಕಾರವಾರದ ಸಮುದ್ರವನ್ನೂ ನೋಡಿದೆ. ನೀರು ಬರುತ್ತಿತ್ತು, ಹೋಗುತ್ತಿತ್ತು. ಛಲೋ ಇದೆ ಎಂದು ಹೇಳಬೇಕೆಂದು ಗೊತ್ತಿತ್ತು, ಹೇಳಿದೆ. ಎರಡನೆಯ ದಿನ ಕುಮಟಾದಲ್ಲಿ ಊಟ ಮಾಡುವ ಹೊತ್ತಿಗೆ "ಛಲೋ ಐತ್ರಿ" ಎನ್ನುವುದೂ ನನಗೆ ಸಾಕಾಗಿತ್ತು. ಅದಕ್ಕೆ ನಿಮಗೊಂದು ಸುಳ್ಳು ಹೇಳಿದೆ.

"ನಂದು ಚಾರ್ಜ್ ಮುಗದೈತ್ರಿ, ಏನೂ ಕೇಳವಲ್ದು" ಅಂದೆ.

"ಹೋಗ್ಲಿ ಬಿಡ, ರೂಮಿಗೆ ಹೋದಮ್ಯಾಲೆ ಹಚ್ಚೂಣು" ಅಂದಿರಿ ನೀವು. ಪರೀಕ್ಷಿಸಲೂ ಇಲ್ಲ.

ನನ್ನ ಸೆಟ್ಟಿನಲ್ಲಿ ಚಾರ್ಜು ಇತ್ತು. ನಾನು ಬಂದ್ ಕೂಡ ಮಾಡಿರಲಿಲ್ಲ. ಉತ್ತರ ಕೊಡದೆ ಇದ್ದರೆ ಸಾಕಾಗಿತ್ತು.

ಹೊನ್ನಾವರ ಬಂತು. ಶರಾವತಿ ಸೇತುವೆಯ ಮೇಲೆ ಯಾವುದೋ ಹಳೆಯ ಭಜನೆಯ ಒಂದೇ ಸಾಲನ್ನು ನಾಲ್ಕೈದು ಸಲ ಗುನುಗಿದಿರಿ. ಅಡ್ಡ ಬಂದ ಲಾರಿಯವನನ್ನು ಬೈದಿರಿ. ಭಟ್ಕಳ ದಾಟಿ ಎಳನೀರಿನ ಅಂಗಡಿಯ ಮುಂದೆ ನಿಲ್ಲಿಸಿದಾಗ ನಾನು ಇಳಿಯುವ ಭರದಲ್ಲಿ ಮೀನಖಂಡ ಸೈಲೆನ್ಸರಿಗೆ ತಾಗಿತು. ನನಗೆ ತಿಳಿಯಲೇ ಇಲ್ಲ. ಅಂಗಡಿಯ ರೆಹಮತ್‌ಬಿ, ಬೋರ್ಡಿನ ಮೇಲೆ ತನ್ನ ಹೆಸರನ್ನೇ ದೊಡ್ಡದಾಗಿ ಬರೆಸಿಕೊಂಡಿದ್ದ ಆ ಹೆಂಗಸು, ಕತ್ತಿ ಕೆಳಗಿಟ್ಟು ಓಡಿಬಂದಳು. "ಅಯ್ಯೋ ಅಕ್ಕಾ, ಕಾಲು ಸುಟ್ಟಿದೆಯಲ್ಲಾ! ಗೊತ್ತಾಗ್ಲಿಲ್ವಾ ನಿಮಗೆ?" ಎಂದು ತಂಬಿಗೆಯಲ್ಲಿ ನೀರು ತಂದು ಸುರಿದಳು. ಚರ್ಮ ಸುಲಿದು ಕೆಂಪಾಗಿತ್ತು. ನೀವು ಮೆಡಿಕಲ್ ಅಂಗಡಿ ಹುಡುಕಿಕೊಂಡು ಹೋಗಿ ಮುಲಾಮು ತಂದಿರಿ. ನೀವು ಅತ್ತ ಹೋದಾಗ ಆಕೆ ನನ್ನ ಮುಖವನ್ನೇ ನೋಡಿ, "ಗಂಡ ಒಳ್ಳೆಯವರಲ್ವಾ?" ಎಂದು ಮೆಲ್ಲಗೆ ಕೇಳಿದಳು. ಬಹಳ ಒಳ್ಳೆಯವರು ಎಂದೆ. ಆಕೆ ನಂಬಿದಳೋ ಇಲ್ಲವೋ, ಇನ್ನೊಂದು ಎಳನೀರು ಕೆತ್ತಿ ಕೊಟ್ಟಳು.

ಅಲ್ಲಿಂದ ಮುಂದೆ ಮರವಂತೆ. ಬಲಕ್ಕೆ ಸಮುದ್ರ, ಎಡಕ್ಕೆ ಹೊಳೆ, ನಡುವೆ ರಸ್ತೆ. ನೀವು ವೇಗ ಕಡಿಮೆ ಮಾಡಿದಿರಿ. ನಾನು ನಿಮ್ಮ ಜಾಕೆಟ್ಟಿನ ಹೊಲಿಗೆ ನೋಡುತ್ತ ಕುಳಿತಿದ್ದೆ. ಆಗ ನೀವು ಮಾತಾಡತೊಡಗಿದಿರಿ. ಮೊದಲು ಫೋನು ಬಂದಿರಬೇಕು ಎಂದುಕೊಂಡೆ.

"ಅತ್ತೀ, ನೋಡ್ರಿ" ಅಂದಿರಿ. "ಈ ಕಡೆ ಸಮುದ್ರ, ಆ ಕಡೆ ಹೊಳಿ. ನಿಮ್ಮ ಮಗಳಿಗೆ ತೋರಸಾಕ ಕರಕೊಂಡ ಬಂದೇನಿ. ಆಕಿ ನೋಡತಾಳ, ಖರೇ, ಆದ್ರ ಕಣ್ಣಾಗ ಏನೂ ಇಲ್ಲ."

ಸತ್ತುಹೋದ ನನ್ನ ಅವ್ವನ ಜೊತೆ ನೀವು ಮಾತಾಡುತ್ತಿದ್ದಿರಿ, ಅವಳು ಎದುರಿಗೇ ಕುರ್ಚಿಯಲ್ಲಿ ಕುಳಿತ ಹಾಗೆ. ಆಮೇಲೆ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ, ಏಕೆಂದರೆ ಅದನ್ನು ನಾನು ಕೇಳಿಸಿಕೊಂಡೆ ಎಂದು ನಿಮಗೆ ಗೊತ್ತಾಗಬೇಕು.

"ನಾ ಸಹಿ ಮಾಡಬಾರದಿತ್ರಿ ಅತ್ತಿ. ಇನ್ನ ಏನೂ ಉಳದಿಲ್ಲ, ಬರೇ ಮಶೀನ್ ಉಸರಾಡಾಕತ್ತೈತಿ ಅಂತ ಡಾಕ್ಟ್ರು ಹೇಳಿದ್ರು. ಆಕಿ ಬಂದ್ರ ಆಕಿ ಕಡೆ ಸಹಿ ಕೇಳ್ತಿದ್ರು. ಹಡದ ತಾಯಿಗೆ ಹಚ್ಚಿದ ಮಶೀನ್ ತಗೀರಿ ಅಂತ ಮಗಳ ಕೈಲೆ ಬರಸೂದು ಬ್ಯಾಡ ಅಂತ ನಾನ ಲಗೂಲಗೂ ಬರದು ಕೊಟ್ಟೆ. ಆಕಿ ಒಮ್ಮೆ ನಿಮ್ಮ ಕೈ ಬೆಚ್ಚಗಿದ್ದಾಗ ಹಿಡೀಬೇಕಿತ್ತು. ಅದನ್ನ ನಾ ಕಸಗೊಂಡೆ. ತಾವ ಹೋದ್ರು ಅಂತ ಸುಳ್ಳ ಹೇಳಿದೆ. ಆಕಿಗೆ ಗೊತ್ತಾಗೈತೋ ಏನೋ, ಅವತ್ತಿಂದ ನನ್ನ ಮುಖಾ ನೋಡವಲ್ಲಳು."

ಅಷ್ಟು ಹೇಳಿ ನೀವು ಮೂಗು ಎಳೆದುಕೊಂಡ ಸದ್ದೂ ನನಗೆ ಕೇಳಿಸಿತು. ನನ್ನ ಎರಡೂ ಕೈ ನಿಮ್ಮ ಸೊಂಟದ ಮೇಲಿದ್ದವು. ಒತ್ತಿ ಹಿಡಿದರೂ ಸಾಕಿತ್ತು. ಹಿಡಿಯಲಿಲ್ಲ. ಸ್ವಲ್ಪ ಮುಂದೆ ನೀವು ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕೆಂಪಾದ ಕಣ್ಣಿಗೆ ಗಾಳಿಯ ನೆಪ ಹೇಳಿ, "ಹೆಂಗೈತಿ ಜಾಗಾ?" ಎಂದಿರಿ. ಛಲೋ ಐತ್ರಿ ಎಂದೆ. ದಾರಿಹೋಕ ಹುಡುಗಿಯೊಬ್ಬಳ ಕೈಗೆ ಫೋನು ಕೊಟ್ಟು ಫೋಟೊ ತೆಗೆಸಿಕೊಂಡೆವು. ಆ ಫೋಟೊವನ್ನು ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಮೆಚ್ಚಿದರು. ಇಬ್ಬರ ಮುಖದಲ್ಲೂ ಕಳೆ ಬಂದಿದೆ ಎಂದು ನಿಮ್ಮ ತಂಗಿ ಬರೆದಳು.

ರೂಮಿಗೆ ಹೋದ ಮೇಲೆ ಸೆಟ್ಟಿಗೆ ಚಾರ್ಜು ಹಚ್ಚಿದಿರಿ. ಮರುದಿನ ಬೆಳಿಗ್ಗೆ ಕುಂದಾಪುರದಿಂದ ಹೊರಡುವಾಗ ನನ್ನದು ಕೆಟ್ಟೇ ಹೋಗಿದೆ ಎಂದೆ. ಈ ಎರಡನೆಯ ಸುಳ್ಳನ್ನು ತಿಳಿದೇ ಹೇಳಿದೆ. ನೀವು ಮತ್ತೆ ಅವ್ವನ ಜೊತೆ ಮಾತಾಡುತ್ತೀರೋ ಎಂದು ಕಾಯುತ್ತಿದ್ದೆ. ನೀವು ಮಾತಾಡಿದಿರಿ. ದಿನಾ ಬೆಳಿಗ್ಗೆ ಬೈಕು ಹೆದ್ದಾರಿಗೆ ಹತ್ತಿದ ಕೂಡಲೇ ಶುರು. ಇವತ್ತು ಆಕಿ ಎರಡು ಇಡ್ಲಿ ತಿಂದಳು. ನಿನ್ನೆ ಕಾಪುವಿನ ದೀಪಸ್ತಂಭದ ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದಳು. ಕಾಲಿನ ಗಾಯ ಒಣಗುತ್ತಾ ಬಂದಿದೆ. ಇಲ್ಲಿನ ಕುಚಲಕ್ಕಿ ಅನ್ನ ನಿಮಗೆ ಸೇರುತ್ತಿರಲಿಲ್ಲ ಬಿಡ್ರಿ. ಹೀಗೆ ನನ್ನ ವರದಿ ಅವ್ವನಿಗೆ ಹೋಗುತ್ತಿತ್ತು. ನಾನು ನಿಮ್ಮ ಬೆನ್ನ ಹಿಂದೆ ಕುಳಿತು, ಬೇರೆ ಯಾರದೋ ಸುದ್ದಿ ಕೇಳಿದ ಹಾಗೆ ಕೇಳುತ್ತಿದ್ದೆ. ಬೇಕಲದ ಕೋಟೆಯ ಮೇಲೆ ನಿಂತಾಗ ಹೇಳಿಬಿಡೋಣ ಎಂದು ಬಾಯಿ ತೆರೆದೆ. ನೀವು ನೀರಿನ ಬಾಟಲಿ ಮುಂದೆ ಹಿಡಿದಿರಿ. ನೀರು ಕುಡಿದೆ.

ಕೊನೆಯ ದಿನ ಘಟ್ಟ ಹತ್ತಿ ಯಲ್ಲಾಪುರ ಬಂತು. ಚಹಾ ಕುಡಿದು ಮತ್ತೆ ಬೈಕು ಹತ್ತಿದೆವು. ಊರು ದಾಟುವಾಗ ನೀವು, "ಅತ್ತಿ, ಇನ್ನ ಇಲ್ಲೇ ಇಳೀರಿ. ಮನ್ಯಾಗ ಮಾತಾಡಾಕ ಆಗೂದಿಲ್ಲ, ಆಕಿ ಇರ್ತಾಳ" ಅಂದಿರಿ. ಆಮೇಲೆ ಕಲಘಟಗಿ ಹೋಯಿತು, ಹುಬ್ಬಳ್ಳಿ ಬಂತು, ನಿಮ್ಮ ಉಸಿರಾಟ ಬಿಟ್ಟರೆ ನನ್ನ ಕಿವಿಯಲ್ಲಿ ಏನೂ ಇರಲಿಲ್ಲ. ಮನೆಯ ಮುಂದೆ ಇಳಿದು ನಾನು ಬೀಗ ತೆಗೆದೆ.

ಆಗಿನಿಂದ ಹತ್ತು ದಿನ ಕಳೆದಿವೆ. ನೀವು ಬೀದರಿಗೆ ಯಾಕೆ ಹೊರಟಿದ್ದೀರಿ ಎಂದು ನನಗೆ ಗೊತ್ತು. ನನಗೆ ಎಲ್ಲ ತಿಳಿದಿದೆ, ತಿಳಿದೇ ನಿಮ್ಮನ್ನು ದೂರ ಇಟ್ಟಿದ್ದೇನೆ ಎಂದು ನೀವು ಅಂದುಕೊಂಡಿದ್ದೀರಿ. ಹಾಗಲ್ಲ. ಮರವಂತೆಗೆ ಬರುವವರೆಗೆ ನೀವು ಸಹಿ ಮಾಡಿದ ಸಂಗತಿ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ. ನೀವು ಮಾಡಿದ್ದು ಸರಿ. ನಿಮ್ಮ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡಬೇಕಿತ್ತು, ಆದರೆ ಎಲ್ಲರಿಗೂ ಅದು ಆಗುವುದಿಲ್ಲ. ಅವ್ವ ಬದುಕಿದ್ದರೆ ನಿಮ್ಮ ತಲೆ ಮೇಲೆ ಕೈ ಇಟ್ಟು ಹೋಗಲಿ ಬಿಡಪ್ಪಾ ಎನ್ನುತ್ತಿದ್ದಳು. ಅವಳ ಪರವಾಗಿ ನಾನು ಇದನ್ನು ಬರೆಯುತ್ತಿದ್ದೇನೆ.

ಬೀದರಿಗೆ ಹೋಗುವುದು ನೌಕರಿಗೆ ಒಳ್ಳೆಯದು ಎಂದಾದರೆ ಹೋಗಿ. ನನ್ನ ಮುಖ ನೋಡಲು ಆಗದೆ ಹೋಗುವುದಾದರೆ ಬೇಡ. ಗುರುವಾರ ಸಂಜೆ ನಾನು ಐದಕ್ಕೇ ಮನೆಯಲ್ಲಿರುತ್ತೇನೆ.

ಹೇಳಬೇಕಾದದ್ದು ಇಷ್ಟೇ. ಗಂಟೆ ಹೊಡೆಯಿತು, ತರಗತಿಗೆ ಹೋಗಬೇಕು. ಹಸಿದ ಹೊಟ್ಟೆಯಲ್ಲಿ ಇರಬೇಡಿ, ಇದನ್ನು ಓದಿ ಮುಗಿಸಿ ಡಬ್ಬಿ ಉಣ್ಣಿ.

ನಿಮ್ಮ
ನಿರುಪಮಾ

ತಾ.ಕ.: ತರಗತಿ ಮುಗಿಸಿ ಬಂದು ಅಂಟು ಹಚ್ಚಿದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಮಾತು ಖರೆಯಲ್ಲ. ಹಾವೇರಿ ದಾಟಿ ಯಾವ ಬಸ್ಸೂ ಕೆಟ್ಟು ನಿಲ್ಲಲಿಲ್ಲ. ಅವತ್ತು ಮಧ್ಯಾಹ್ನ ಒಂದೂವರೆಗೆ ನೀವು ಫೋನು ಮಾಡಿ, "ಡಾಕ್ಟ್ರು ನೀ ಬಂದ ಕೂಡ್ಲೆ ಮಾತಾಡಬೇಕಂತಾರ, ಏನೋ ಸಹಿ ಬೇಕಂತ" ಅಂದಾಗ ನನ್ನ ಬಸ್ಸು ಹುಬ್ಬಳ್ಳಿಯ ಅಂಚಿಗೆ, ಗಬ್ಬೂರಿಗೆ ಬಂದಿತ್ತು. ಯಾವ ಸಹಿ ಎಂದು ನಿಮ್ಮ ದನಿಯಲ್ಲೇ ತಿಳಿಯಿತು. ಬಸ್ಸು ಕೆಟ್ಟಿದೆ ಎಂದು ಹೇಳಿ, ಕಂಡಕ್ಟರನಿಗೆ ನಿಲ್ಲಿಸಲು ಹೇಳಿ, ಅಲ್ಲೇ ಇಳಿದೆ. ಬೈಪಾಸಿನ ಪಕ್ಕದ ಚಹಾದ ಅಂಗಡಿಯ ಬೆಂಚಿನ ಮೇಲೆ ಐದು ಗಂಟೆಯವರೆಗೆ ಕುಳಿತಿದ್ದೆ. ಅಲ್ಲಿಂದ ಆಸ್ಪತ್ರೆಗೆ ಆಟೋದಲ್ಲಿ ಅರ್ಧ ತಾಸಿನ ದಾರಿ. ಅವ್ವನ ಕೈ ನನ್ನಿಂದ ಕಸಿದುಕೊಂಡವರು ನೀವಲ್ಲ. ಐದಕ್ಕೆ ನಿಮ್ಮ ಫೋನು ಮತ್ತೆ ಬಂತು. "ಅವಸರ ಮಾಡಬ್ಯಾಡ, ನಿಧಾನ ಬಾ" ಅಂದಿರಿ. ಆಗ ನನಗೆ ಮೊದಲು ಆದದ್ದು ದುಃಖವಲ್ಲ, ಎದೆ ಹಗುರಾಯಿತು. ಅದಾದ ಮೇಲೆ ನನಗೆ ಇನ್ನೇನೂ ಆಗಿಲ್ಲ.