ವಾಪಸ್ ಕಳಿಸಿದ ಬೋಗುಣಿ

ಫಾದ್ಯೂತ್, ಸೆನೆಗಲ್
೨೫ ಏಪ್ರಿಲ್ ೨೦೧೧

ಪ್ರೀತಿಯ ಚುಂದುಂಗ್ ಅಕ್ಕಾ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ. ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ, ಅಮ್ಮನಿಗೆ ಓದಿ ಹೇಳು. ಇವರಿಗೆ ದೋಣಿ ಇಂಜಿನ್ ರಿಪೇರಿ ಕೈತುಂಬ ಇದೆ. ಹೆರಿಗೆ ಆಯ್ತಾ ಅಂತ ಕೇಳಿದ್ದೀಯ, ಅದಕ್ಕೆ ಆಮೇಲೆ ಬರುತ್ತೇನೆ.

"ಪಕ್ಕದ ಮನೆಯವರು ನಮ್ಮವರೋ, ಅವರೋ?" ಅಂತಲೂ ಕೇಳಿದ್ದೀಯ. ಜೋಸ್‌ನಲ್ಲಿ ಕ್ರೈಸ್ತರಿಗೂ ಮುಸಲ್ಮಾನರಿಗೂ ಗಲಭೆಯಾಗಿ ನಮ್ಮ ಬೀದಿ ಸುಟ್ಟುಹೋದ ಮೇಲೆ ನಮ್ಮ ಬಾಯಲ್ಲಿ ಮೊದಲು ಬರೋದೇ ಆ ಮಾತು. ಏನಂತ ಹೇಳಲಿ! ಪಕ್ಕದ ಮನೆ ಕುಂಬಾ ಐದು ಹೊತ್ತು ನಮಾಜು ಮಾಡುತ್ತಾಳೆ, ಅವಳ ಒಡಹುಟ್ಟಿದ ಅಣ್ಣ ಚರ್ಚಿನಲ್ಲಿ ಪಾದ್ರಿ. ಇಬ್ಬರೂ ಜಗಳವಾಡೋದು ಮೀನಿನ ತಲೆ ಯಾರಿಗೆ ಅಂತ ಮಾತ್ರ.

ನಾವು ಬಂದ ಹೊಸದರಲ್ಲೇ ಅವರ ಬಕ್ರೀದ್. ಕುಂಬಾ ಬೋಗುಣಿ ತುಂಬ ಕುರಿ ಮಾಂಸ ಬೇಯಿಸಿ ಕಳಿಸಿದಳು. ನಾನು ಮುಚ್ಚಳವನ್ನೂ ತೆಗೆಯದೆ ವಾಪಸ್ ಕಳಿಸಿಬಿಟ್ಟೆ. ಬೋಗುಣಿ ಹಿಡಿದು ಓಡಿಬಂದಳು. ನನ್ನೆದುರೇ ಒಂದು ತುಂಡು ಬಾಯಿಗೆ ಹಾಕಿಕೊಂಡು ರುಚಿ ನೋಡಿದಳು. "ಉಪ್ಪು ಜಾಸ್ತಿ ಆಯ್ತೇನೇ? ಇಲ್ಲವಲ್ಲ! ಅಯ್ಯೋ, ಬಸುರಿ ಬಾಯಿ, ಏನೂ ರುಚಿಸಲ್ಲ ಬಿಡು. ನಾಳೆ ಮೀನು ತರ್ತೀನಿ" ಅಂದಳು. ನನ್ನ ಮನಸ್ಸಿನಲ್ಲಿದ್ದ ಹೊಲಸು ಅವಳಿಗೆ ಹೊಳೆಯಲೇ ಇಲ್ಲ, ಅಕ್ಕಾ. ನಾಚಿಕೆಯಿಂದ ಸತ್ತೇಹೋದೆ.

ಶುಭ ಶುಕ್ರವಾರ ಇಲ್ಲಿ ಕ್ರೈಸ್ತರೆಲ್ಲ ಸಜ್ಜೆ, ಕಡಲೆಕಾಯಿ ಹಾಕಿ ಪಾಯಸ ಮಾಡಿ ಮುಸಲ್ಮಾನರ ಮನೆಮನೆಗೂ ಹಂಚುತ್ತಾರೆ. ಮೊನ್ನೆ ನಾನೂ ಮಾಡಿದೆ. ಮೊದಲ ಬೋಗುಣಿ ಕುಂಬಾಳಿಗೆ. ತಲೆ ಎತ್ತದೆ ಕೊಟ್ಟೆ. "ಸಿಹಿ ಜಾಸ್ತಿ ಅಂತ ವಾಪಸ್ ಕಳಿಸ್ಲೇನೇ?" ಅಂತ ನಕ್ಕು, ಅಲ್ಲೇ ನಿಂತು ಬಳಿದು ತಿಂದಳು.

ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಕಾನೆಂಗ್

ತಾ.ಕ.: ಇದನ್ನು ಅಮ್ಮನಿಗೆ ಓದಬೇಡ. ಹೆಣ್ಣು ಮಗು, ಅಕ್ಕಾ. ಒಂದು ಬೆಳಗು ಬದುಕಿತ್ತು, ಅಷ್ಟೇ. ನನಗೆ ಏಳಲು ಆಗಲಿಲ್ಲ. ಕುಂಬಾಳೇ ಮೀಯಿಸಿ, ತನ್ನ ಹೊಸ ಬಟ್ಟೆಯಲ್ಲಿ ಸುತ್ತಿದಳು. ಇಲ್ಲಿ ಎರಡೂ ಮತದವರಿಗೆ ಒಂದೇ ಮಸಣ, ಕಪ್ಪೆಚಿಪ್ಪಿನ ದಿಬ್ಬದ ಮೇಲೆ. ಅವಳ ಗಂಡ ವಾಲಿ ತನ್ನ ತಾಯಿಯ ಮಗ್ಗುಲಲ್ಲೇ ಗುಂಡಿ ತೋಡಿದನಂತೆ. "ಕೂಸು ಒಂಟಿಯಾಗಿರೋದು ಬೇಡ, ನಮ್ಮಮ್ಮ ಎತ್ಕೋತಾಳೆ" ಅಂದನಂತೆ. ಇವರು ಬಂದು ಅಳುತ್ತಾ ಅದನ್ನು ಹೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು ಏನು ಗೊತ್ತಾ?

"ಆ ಮುದುಕಿ ನಮ್ಮವಳೋ, ಅವರವಳೋ?"